ಮೇಣ ಮೆತ್ತಿದ ಡಬ್ಬ

"ಅಕ್ಕ, ಅಲ್ಲಾಡಬೇಡ!" ಎಂದು ಕೂಗಿದೆ.

"ನಾನೆಲ್ಲಿ ಅಲ್ಲಾಡುದು ಮಾರಾಯ, ನಿನ್ನ ಡಬ್ಬ ಅಲ್ಲಾಡುದು!"

ಹೊಳೆಯ ನಡುವೆ ತೆಪ್ಪ ವಾಲಿತ್ತು. ಹೆರಿಗೆ ನೋವು ಬಂದ ಅಕ್ಕನನ್ನು ಪುತ್ತೂರಿನ ಆಸ್ಪತ್ರೆಗೆ ಹೊರಡಿಸಿದ್ದೆ. ನಮ್ಮದು ಕುದ್ರು, ಸುತ್ತ ಹೊಳೆ. ಅಲ್ಲಿ ಯಾರೂ ಏನನ್ನೂ ಎಸೆಯುತ್ತಿರಲಿಲ್ಲ. ತುಕ್ಕು ಹಿಡಿದ ಸೀಮೆಎಣ್ಣೆ ಡಬ್ಬಗಳ ತೂತಿಗೆ ಹಲಸಿನ ಮೇಣ ಮೆತ್ತಿ, ಬಿದಿರಿಗೆ ಕಟ್ಟಿ ನಾನೇ ಆ ತೆಪ್ಪ ಮಾಡಿದ್ದೆ. ಈಗ ಒಂದರ ಮೇಣ ಕಿತ್ತುಹೋಗಿ ಗುಳುಗುಳು ನೀರು ನುಗ್ಗುತ್ತಿತ್ತು. ಅಕ್ಕನಿಗೆ ಈಜು ಬಾರದು. ನೀರಿಗಿಳಿದು, ತೂತಿಗೆ ಹೆಬ್ಬೆರಳು ಒತ್ತಿ, ಕಾಲು ಬಡಿಯುತ್ತ ನೂಕಿದೆ. ದಡ ಸಿಕ್ಕಿತು.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಅಕ್ಕ, ಮಗು ಇಬ್ಬರೂ ಉಳಿದರು. ಅವರನ್ನು ಮನೆಗೆ ತರಲು ಇದ್ದದ್ದೂ ಅದೇ ತೆಪ್ಪ. ಅಮ್ಮ ಅದೇ ಡಬ್ಬಕ್ಕೆ ಮತ್ತೆ ಮೇಣ ಮೆತ್ತಿದಳು. ನಾನು ತೆಪ್ಪ ಹತ್ತಲಿಲ್ಲ, ಮೇಣದ ಮೇಲೆ ಕೈಯಿಟ್ಟು ಈಜುತ್ತಲೇ ದಾಟಿದೆ. ಇನ್ನು ಹೇಳಲಿಕ್ಕೆ ಏನೂ ಇಲ್ಲ.