ಪೇಂಗಜ್ಜಿಯ ಪಥ್ಯ

ಬಾಣಂತನ ಮಾಡುವುದರಲ್ಲಿ ಪೇಂಗಜ್ಜಿ ಎತ್ತಿದ ಕೈ. ಸೆ ಬಾಂಗ್‌ಫಾಯ್ ಹೊಳೆಯ ಈ ದಡದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಅವಳಿಗೆ ಕರೆ ಬರುತ್ತಿತ್ತು. ಬಿದಿರಿನ ಮಂಚದ ಕೆಳಗೆ ಕೆಂಡ ಹರಡಿ, ಬಾಣಂತಿಯನ್ನು ಮೇಲೆ ಮಲಗಿಸಿ, ಬೇರಿನ ಕಷಾಯ ಕುಡಿಸಿ, ಕಣ್ಣಲ್ಲಿ ಕಣ್ಣಿಟ್ಟು ಕಾಯುವಳು. "ಇಡೀ ಲಾವೋಸಲ್ಲಿ ನನ್ನಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡ್ಸೋರಿದ್ರೆ ಕರ್ಕೊಂಡ್ ಬನ್ನಿ, ಕಾಲಿಗೆ ಬೀಳ್ತೀನಿ" ಎನ್ನುತ್ತಿದ್ದಳು. ಯಾರೂ ಕರೆದುಕೊಂಡು ಬರಲಿಲ್ಲ. ಅವಳ ಕಾಲಿಗೇ ಎಲ್ಲರೂ ಬೀಳುತ್ತಿದ್ದರು.

ಅವಳ ಪಥ್ಯವೆಂದರೆ ಅಂಟಕ್ಕಿ ಅನ್ನ, ಹುರಿದ ಉಪ್ಪು, ಕೊಂಚ ಕಾಡುಶುಂಠಿ. ಅಷ್ಟೇ. ಮೀನು ನಂಜು, ಹಂದಿಮಾಂಸ ನಂಜು, ಸೊಪ್ಪು ಶೀತ. ಹೀಗೆ ಬಿಗಿ ಹಿಡಿಯುವುದಕ್ಕೆ ಅವಳಿಗೆ ಕಾರಣವಿತ್ತು. ಅವಳು ಹೆತ್ತವುಗಳಲ್ಲಿ ಕೆಲವು ಎದೆಹಾಲು ಬಿಡುವ ಮೊದಲೇ ಕಾಡಿನಂಚಿನಲ್ಲಿ ಮಣ್ಣು ಸೇರಿದ್ದವು. "ನಿನ್ನ ಬಾಯಿಚಪಲವೇ ದೆವ್ವಕ್ಕೆ ಬಾಗಿಲು ತೆಗೀತು" ಎಂದು ಅವಳ ಅತ್ತೆ ಅಂದಿದ್ದಳು. ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ತನಗಾದದ್ದು ಇನ್ನಾರಿಗೂ ಆಗಬಾರದು ಎಂದು ಅವಳು ಊರಿನ ಬಾಣಂತಿಯರ ಬಾಯಿ ಕಾಯತೊಡಗಿದಳು. ಪ್ರೀತಿಯಿಂದಲೇ ಕಾದಳು, ಅದರಲ್ಲಿ ಸಂಶಯವಿಲ್ಲ. ನನ್ನನ್ನು ಕೇಳಿದರೆ, ಆ ಪ್ರೀತಿ ಸ್ವಲ್ಪ ಕಡಿಮೆಯಾಗಿದ್ದರೆ ಚೆನ್ನಾಗಿತ್ತು.

ಮಗ ಕೇವ್‌ನ ಹೆಂಡತಿ ವಿಲೈ ಮೊದಲ ಕೂಸನ್ನು ಹೆತ್ತಾಗ ಪೇಂಗಜ್ಜಿ ನಿದ್ದೆಗೆಟ್ಟು ಕೆಂಡ ಕಾದಳು. ಮೂರು ತಿಂಗಳು ತುಂಬುವ ಹೊತ್ತಿಗೆ ಕೂಸಿನ ದನಿ ಕುಗ್ಗಿತು, ಹಾಲು ಬಿಟ್ಟಿತು, ಸಂಜೆಗೆ ಹೋಗಿಯೇಬಿಟ್ಟಿತು. ಎರಡನೆಯ ಸಲ ಪಥ್ಯ ಇನ್ನೂ ಬಿಗಿಯಾಯಿತು. ಒಂದು ಬೆಳಿಗ್ಗೆ ಮಂಚದ ಕೆಳಗೆ ಮೀನಿನ ಮುಳ್ಳು ಸಿಕ್ಕಿತು. ವಿಲೈ ತಡೆಯಲಾರದೆ ಅಡುಗೆಮನೆಯಿಂದ ಒಣಮೀನಿನ ಒಂದು ಚೂರು ಕದ್ದು ತಿಂದಿದ್ದಳು. ಕೆಲವೇ ದಿನದಲ್ಲಿ ಆ ಕೂಸೂ ಹಾಗೆಯೇ ಹೋಯಿತು.

"ಚೂರು ಮೀನಿಗೋಸ್ಕರ ಕೂಸನ್ನೇ ತಿಂದ್ಯಲ್ಲೇ" ಎಂದಳು ಪೇಂಗಜ್ಜಿ, ನೆರೆಹೊರೆಯವರೆಲ್ಲ ಕೂತಿದ್ದಾಗ. ಅಂದಿನಿಂದ ವಿಲೈ ಯಾರ ಮುಖವನ್ನೂ ನೇರ ನೋಡಿದವಳಲ್ಲ.

ಮೂರನೆಯದು ಹೆಣ್ಣು. ಈ ಸಲ ವಿಲೈಗೆ ಯಾರೂ ಪಥ್ಯ ಹೇಳಬೇಕಾಗಿರಲಿಲ್ಲ. ಕೊಟ್ಟ ಅನ್ನದಲ್ಲೂ ಅರ್ಧ ಬಿಡುತ್ತಿದ್ದಳು. ಪೇಂಗಜ್ಜಿ ಒನಕೆಯ ಅಕ್ಕಿ ಬಿಟ್ಟು ಹೊಸ ಮಿಲ್ಲಿನ ಅಕ್ಕಿ ತರಿಸಿದಳು. ಮಲ್ಲಿಗೆಯಷ್ಟು ಬೆಳ್ಳಗಿನ ಅಕ್ಕಿ. ಅದನ್ನು ಎಂದಿನಂತೆ ರಾತ್ರಿಯೆಲ್ಲ ನೆನೆಹಾಕಿ, ನೀರು ತಿಳಿಯಾಗುವವರೆಗೂ ತೊಳೆದು, ಆ ನೀರನ್ನು ಹಂದಿಗೆ ಸುರಿದು, ಹಬೆಯಲ್ಲಿ ಬೇಯಿಸಿ ಕೊಟ್ಟಳು. ಆರೋಗ್ಯ ಕೇಂದ್ರದ ನರ್ಸ್ ಚಿಂದಾ ಒಮ್ಮೆ ಊರಿಗೆ ಬಂದು, ಬಾಣಂತಿಗೆ ಕಾಳು, ಮೀನು, ಮೊಟ್ಟೆ ಕೊಡಿ ಅಂದಿದ್ದಳು.

"ನಿಂಗೆ ಮದುವೆ ಆಗಿದ್ಯೇನಮ್ಮ?" ಪೇಂಗಜ್ಜಿ ಕೇಳಿದಳು.

"ಇಲ್ಲಜ್ಜಿ."

"ಮೊದ್ಲು ಗಂಡನ್ನ ಹುಡುಕ್ಕೋ. ಹೆತ್ತಾಗ ಬಾ, ನಿನ್ ಬಾಣಂತನಾನೂ ನಾನೇ ಮಾಡ್ತೀನಿ."

ಹೆಂಗಸರೆಲ್ಲ ನಕ್ಕರು. ಚಿಂದಾ ಕೂಡ ನಕ್ಕು ಬೈಕ್ ಹತ್ತಿದಳು.

ಮಳೆಗಾಲದ ನಡುವೆ ಒಂದು ಮುಂಜಾನೆ ಕೂಸು ಬಾಯಿ ತೆರೆದು ಅತ್ತಿತು, ದನಿ ಬರಲಿಲ್ಲ. ಮುಖ ಕೆಂಪಾಗುತ್ತದೆ, ಕಣ್ಣೀರು ಹರಿಯುತ್ತದೆ, ಸದ್ದಿಲ್ಲ. ಪೇಂಗಜ್ಜಿ ಅದರ ಕೈಗೆ ಬಿಳಿ ದಾರ ಕಟ್ಟಿ, ಅನ್ನ ನಿವಾಳಿಸಿ ಪ್ರಾಣವನ್ನು ಹಿಂದಕ್ಕೆ ಕರೆದಳು. ತುಟಿ ನೀಲಿಯಾಗತೊಡಗಿತು.

"ನಾನೇನೂ ತಿಂದಿಲ್ಲತ್ತೆ" ಎಂದಳು ವಿಲೈ. "ಬುದ್ಧನಾಣೆ, ಏನೂ ತಿಂದಿಲ್ಲ."

"ಗೊತ್ತು ಕಣೇ" ಎಂದಳು ಪೇಂಗಜ್ಜಿ. ಅವಳನ್ನು ನಿಜವಾಗಿ ಹೆದರಿಸಿದ್ದು ಅದೇ. ಬೈಯಲು ಈ ಸಲ ಯಾರೂ ಇರಲಿಲ್ಲ.

ಆರೋಗ್ಯ ಕೇಂದ್ರ ಆಚೆ ದಡದಲ್ಲಿತ್ತು. ಕೇವ್ ಎಲ್ಲರನ್ನೂ ಟಿಲ್ಲರ್ ಗಾಡಿಗೆ ಹತ್ತಿಸಿ ಹೊಳೆಯವರೆಗೆ ತಂದ. ಹೊಳೆ ತುಂಬಿತ್ತು, ದೋಣಿಯವನು ಬರಲೊಲ್ಲೆ ಅಂದ. ಪೇಂಗಜ್ಜಿ ಕೆಸರಿನಲ್ಲೇ ಕೂತು ಅವನ ಕಾಲು ಹಿಡಿದಳು. ಅವನ ಹೆಂಡತಿಯ ಬಾಣಂತನವನ್ನೂ ಅವಳೇ ಮಾಡಿದ್ದಳು, ಅವನು ಇಲ್ಲವೆನ್ನಲಾರದೆ ಹುಟ್ಟು ಹಿಡಿದ. ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುವಾಗ ಕೂಸು ಬಾಯಿ ತೆರೆಯುವುದನ್ನೂ ಬಿಟ್ಟಿತ್ತು.

ಚಿಂದಾ ಕೂಸಿನ ಎದೆಗೆ ಕಿವಿಗೊಟ್ಟು ಕೇಳಿದಳು. "ಬಾಣಂತಿಗೆ ಏನ್ ಕೊಡ್ತಿದೀರಜ್ಜಿ?"

"ಏನೂ ಕೊಟ್ಟಿಲ್ಲಮ್ಮ. ಬರೀ ಮಿಲ್ಲಿನ ಬಿಳಿ ಅಕ್ಕಿ ಅನ್ನ, ಉಪ್ಪು. ಮೀನಿನ ವಾಸ್ನೇನೂ ಸೋಕಿಸಿಲ್ಲ." ಆ ಸಂಕಟದಲ್ಲೂ ಪೇಂಗಜ್ಜಿಯ ದನಿಯಲ್ಲಿ ಹೆಮ್ಮೆಯಿತ್ತು.

ಚಿಂದಾ ಕೂಸಿನ ತೊಡೆಗೆ ಸೂಜಿ ಚುಚ್ಚಿದಳು. "ಉಳಿಯತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ" ಎಂದಳು. ಕಾಯುವುದೊಂದೇ ಉಳಿದಿತ್ತು. ಕೇವ್ ಹೊರಗೆ ಹೋಗಿ ನಿಂತ. ಮಧ್ಯಾಹ್ನದ ಹೊತ್ತಿಗೆ ತುಟಿಗೆ ಬಣ್ಣ ಬಂತು. ಆಮೇಲೆ ಕೂಸು ಅತ್ತಿತು, ಒಡಕು ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ.

ಪೇಂಗಜ್ಜಿ ನೆಲಕ್ಕೆ ಹಣೆ ಹಚ್ಚಿದಳು. "ಯಾವ ದೆವ್ವಮ್ಮ ಅದು?"

"ದೆವ್ವ ಅಲ್ಲಜ್ಜಿ, ಕಾಯಿಲೆ. ಬೆರಿಬೆರಿ ಅಂತಾರೆ. ಈಗ ಸೂಜೀಲಿ ಕೊಟ್ಟ ಸತ್ವಾನೇ ಅಕ್ಕಿ ತೌಡಲ್ಲಿರತ್ತೆ, ಅದನ್ನ ತೊಳೆದ ನೀರಲ್ಲಿ ಒಂದಿಷ್ಟು ಚೆಲ್ಲಿದ್ರಿ, ಮಿಲ್ಲಲ್ಲಿ ಪೂರಾ ಬಿಟ್ರಿ. ಮೀನಲ್ಲಿ, ಕಾಳಲ್ಲಿ ಇರೋದನ್ನ ಪಥ್ಯ ಅಂತ ಬಿಟ್ರಿ. ತಾಯಿ ಮೈಲೇ ಇಲ್ದಿದ್ರೆ ಹಾಲಿಗೆ ಎಲ್ಲಿಂದ ಬರತ್ತೆ?"

ವಿಲೈ ತಲೆಯೆತ್ತಿದಳು.

"ಹಾಗಾದ್ರೆ ನನ್ ಎರಡನೇ ಕೂಸು... ನಾನು ಕದ್ದು ತಿಂದಿದ್ದಕ್ಕೆ ಹೋಗಿದ್ದಲ್ವಾ ಅಕ್ಕ?"

"ಏನ್ ತಿಂದಿದ್ದೆ?"

"ಒಣಮೀನು. ಒಂದು ಚೂರು."

"ಅಯ್ಯೋ, ದಿನಾ ತಿಂದಿದ್ರೆ ಉಳೀತಿತ್ತಲ್ಲೇ" ಎಂದುಬಿಟ್ಟಳು ಚಿಂದಾ. ಅಂದಮೇಲೆ ಇಬ್ಬರ ಮುಖ ನೋಡಿ ನಾಲಿಗೆ ಕಚ್ಚಿಕೊಂಡು, ಊಟ ತರುತ್ತೇನೆಂದು ಒಳಗೆ ಹೋದಳು.

ಪೇಂಗಜ್ಜಿ ಕೈಚೆಲ್ಲಿ ಕೂತಳು. ಸೊಸೆಯ ಎರಡು ಕೂಸು, ತನ್ನವು, ಕೆಂಡದ ಮೇಲೆ ತಾನು ಮಲಗಿಸಿದ ಊರಿನ ಹೆಣ್ಣುಮಕ್ಕಳು ಎಲ್ಲ ಒಟ್ಟಿಗೆ ನೆನಪಾದರು. ಎಲ್ಲಾದರೂ ಭೂಮಿ ಬಿರಿದಿದ್ದರೆ ಇಳಿದುಬಿಡುತ್ತಿದ್ದಳು. ಕ್ಷಮಿಸು ಅನ್ನಬೇಕೆನ್ನಿಸಿತು. ಅಷ್ಟು ಸಣ್ಣ ಮಾತನ್ನು ಯಾವ ಮುಖದಿಂದ ಆಡುವುದು?

ಚಿಂದಾ ಹಂದಿಮಾಂಸ, ಹೆಸರುಕಾಳು ಹಾಕಿದ ಗಂಜಿ ತಂದು ವಿಲೈ ಮುಂದಿಟ್ಟಳು. ಬಟ್ಟಲು ಬಿಸಿಯಿತ್ತು, ಕೂಸು ಅವಳ ತೊಡೆಯ ಮೇಲಿತ್ತು. ಮಾಡಬಹುದಾದ ಒಂದೇ ಕೆಲಸ ಕಣ್ಣಿಗೆ ಬಿದ್ದು ಪೇಂಗಜ್ಜಿ ಎರಡೂ ಕೈ ಚಾಚಿದಳು.

"ಕೊಡು ಮಗಳೇ. ನೀನು ಉಣ್ಣೋವರೆಗೂ ನಾನು ಎತ್ಕೋತೀನಿ."

ವಿಲೈ ಆ ಕೈಗಳನ್ನು ನೋಡಿದಳು. ಆಮೇಲೆ ಕೂಸನ್ನು ಇನ್ನೊಂದು ಮಗ್ಗುಲಿಗೆ, ಗೋಡೆಯ ಕಡೆಗೆ ಸರಿಸಿಕೊಂಡು, ಒಂದೇ ಕೈಯಲ್ಲಿ ಉಣ್ಣತೊಡಗಿದಳು.