ಮಾವನ ಬೆನ್ನಿಗೆ ಹಾಲು

ಹೋದ ಭಾನುವಾರ ನನ್ನ ಕಾರು ಒಂದು ಪೊಟ್ಟಣ ಅರಿಶಿನ ಕುಡಿಯಿತು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕಾರು ಕೊಂಡ ಸಂಗತಿ ನಿಮಗೆ ಗೊತ್ತೇ ಇದೆ. ಇದೇ ಅಂಕಣದಲ್ಲಿ ಎರಡು ಸಲ ಕೊಚ್ಚಿಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಕಾರು (ಹೆಂಡತಿ ಶೋಭಾಳ ಪ್ರಕಾರ ಫೋರ್ತ್ ಹ್ಯಾಂಡ್). ಎರಡು ತಿಂಗಳಾದರೂ ಅದು ಚಳ್ಳಕೆರೆ ಪೇಟೆ ದಾಟಿರಲಿಲ್ಲ. ಬಸ್ ಸ್ಟ್ಯಾಂಡ್, ಮಾರ್ಕೆಟ್, ಮನೆ. ಅಷ್ಟೇ ಅದರ ಪ್ರಪಂಚ.

ಅಷ್ಟರಲ್ಲಿ ಅವ್ವನಿಗೊಂದು ಸುದ್ದಿ ಬಂತು. ಅವಳ ಅಣ್ಣ, ಅಂದರೆ ನನ್ನ ಓಬಣ್ಣ ಮಾವ, ಕುರಿ ಕಾಯುವವನು. ನನ್ನಿವಾಳದಲ್ಲಿ ಮನೆ ಅಂತ ಒಂದಿದೆ, ಆದರೆ ಅಲ್ಲಿ ಅವನು ಸಿಗುವುದಿಲ್ಲ. ಗೊಬ್ಬರಕ್ಕೆಂದು ಹೊಲದವರು ಹಿಂಡನ್ನು ಕರೆಸಿ ಎರಡು ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಮೂರನೇ ದಿನ ಹಿಂಡು ಮುಂದಿನ ಹೊಲಕ್ಕೆ. ಇಂಥವನಿಗೆ ಪತ್ರ ಬರೆಯುವುದು ಯಾವ ವಿಳಾಸಕ್ಕೆ? ಫೋನ್ ಮಾಡುವುದು ಯಾವ ನಂಬರಿಗೆ?

ಶೇಂಗಾ ಮಾರಲು ಮಾರ್ಕೆಟ್ಟಿಗೆ ಬಂದಿದ್ದ ಆ ಊರಿನವರೊಬ್ಬರು ಮನೆತನಕ ಬಂದು ಹೇಳಿದರು. "ಮೊಳಕಾಲ್ಮೂರು ರಸ್ತೆ ಪಕ್ಕ, ಜಟಿಂಗ ರಾಮೇಶ್ವರ ಬೆಟ್ಟ ಕಾಣ್ತೈತಲ್ಲ, ಅಲ್ಲಿ ಬೇವಿನ ಮರದ ಹೊಲದಾಗೆ ನಿಂತೈತೆ ಹಿಂಡು. ಭಾನುವಾರ ಬಿಸಿಲೇರೋ ತನಕ ಇರ್ತಾರಂತೆ, ತಂಗಿ ಬೆಳಿಗ್ಗೆ ಬಸ್ಸಿಗೆ ಬರ್ಲಿ ಅಂತ ಹೇಳಿ ಕಳಿಸವ್ರೆ. ಆಮೇಲೆ ಆಂಧ್ರದ ಕಡಿಗೆ."

ನಾಗರ ಪಂಚಮಿ ಮುಗಿದು ನಾಲ್ಕು ದಿನವಾಗಿತ್ತು. ಪಂಚಮಿಯಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಹಚ್ಚಿ, ತವರು ತಣ್ಣಗಿರಲಿ ಅನ್ನುತ್ತಾರಲ್ಲ, ಅವ್ವನಿಗೆ ಆ ಭಾಗ್ಯ ಮೂರು ವರ್ಷದಿಂದ ಇರಲಿಲ್ಲ. ಪ್ರತಿ ಪಂಚಮಿಗೂ ಒಂದು ಲೋಟ ಹಾಲು ತೆಗೆದಿಟ್ಟು ಸಂಜೆತನಕ ಬಾಗಿಲಲ್ಲಿ ಕೂರುತ್ತಿದ್ದಳು. ಆಮೇಲೆ ಆ ಹಾಲು ಏನಾಗುತ್ತಿತ್ತು? ನಾನು ಕೇಳಿದವನಲ್ಲ.

"ಏಳು ಗಂಟೆ ಬಸ್ಸಿಗೆ ಹೋಗಿ ಬರ್ತೀನಪ್ಪ" ಅಂದಳು.

ಮನೆ ಮುಂದೆ ಕಾರು ನಿಂತಿರುವಾಗ ಬಸ್ಸೇ? "ಎಲ್ರೂ ಹೋಗಣ ಇರವ್ವ. ಮಾವನೂ ಕಾರು ನೋಡಿದಂಗಾಗ್ತೈತೆ" ಅಂದೆ. ನಿಜ ಹೇಳಲೇ? ಅವ್ವನಿಗೆ ಅಣ್ಣನನ್ನು ತೋರಿಸುವುದಕ್ಕಿಂತ ಮಾವನಿಗೆ ಕಾರು ತೋರಿಸುವ ಆಸೆಯೇ ನನಗೆ ಹೆಚ್ಚಾಗಿತ್ತು.

ಭಾನುವಾರ ಬೆಳಿಗ್ಗೆ ಕಾರು ತೊಳೆದೆ. ಒರೆಸಿದೆ. ಟೈರಿಗೆ ಗಾಳಿ ಹಿಡಿಸಿದೆ. ಕ್ಯಾಸೆಟ್ ಆರಿಸಿದೆ. ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟೆ. ರೇಡಿಯೇಟರ್‌ನಲ್ಲಿ ನೀರಿದೆಯೇ ಅಂತ ಮಾತ್ರ ನೋಡಲಿಲ್ಲ. ಹೊರಟಾಗ ಹತ್ತು ಗಂಟೆ. ಅವ್ವ ಆರಕ್ಕೇ ಸಿದ್ಧಳಾಗಿ ಜಗಲಿಯ ಮೇಲೆ ಕೂತಿದ್ದಳು. ಹಾಲಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟು ಹತ್ತಿದಳು. ಜೊತೆಗೆ ತಂಬಿಟ್ಟಿನ ಡಬ್ಬಿ, ಅರಿಶಿನದ ಪೊಟ್ಟಣ.

ಇನ್ನೆರಡು ಮೈಲಿ ಇದೆ ಅನ್ನುವಾಗ ಬಾನೆಟ್ಟಿನಿಂದ ಹೊಗೆ ಎದ್ದಿತು. ಎತ್ತಿ ನೋಡಿದರೆ ರೇಡಿಯೇಟರ್ ಸೋರುತ್ತಿದೆ. ಆರಲಿ ಅಂತ ಕಾದು ಕುಡಿಯುವ ನೀರನ್ನೆಲ್ಲ ಸುರಿದೆ. ಮೇಲೆ ಹಾಕಿದ್ದು ಕೆಳಗೆ ಬಂತು. "ಕಾರಿಗೆ ಜ್ವರ ಬಂದೈತಾ ಅಪ್ಪ?" ಎಂದು ಮಗಳು ಪಲ್ಲವಿ ಕೇಳಿದಳು. ಶೋಭಾ ಹಿಂದೆ ತಿರುಗಿ ಬಸ್ಸು ಬರುತ್ತದೆಯೇ ಅಂತ ನೋಡಿದಳು (ಅದು ಇನ್ನೂ ಕಷ್ಟ).

ಅವ್ವ ಕೆಳಗಿಳಿದು ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿದ್ದಳು.

"ಆ ಬದುವಿನ ಮ್ಯಾಲೆ ಕುರಿ ಹಿಂಡು ಹೋಗ್ತೈತೆ ನೋಡಪ್ಪ. ಯಾರ್ದು?"

"ಈ ಸೀಮೆ ತುಂಬ ಕುರಿನೇ ಅಲ್ವೇನವ್ವ" ಅಂದೆ, ತಲೆ ಎತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ. "ಮುಂದೆ ಹೋಗೋನು ಎಡಗಾಲು ಎಳೆದಂಗೆ ಕಾಣ್ತೈತೆ. ನನ್ ಕಣ್ಣಿಗೆ ಸರಿಯಾಗಿ ಕಾಣ್ತಿಲ್ಲ. ಒಂಚೂರು ನೋಡಪ್ಪ."

"ಅವ್ವ, ಮೊದ್ಲು ಕಾರು ಸರಿ ಹೋಗ್ಲಿ ಬಿಡು. ಇಲ್ದಿದ್ರೆ ನಿನ್ ಅಣ್ಣ ಸಿಗಂಗೇ ಇಲ್ಲ."

ಅವ್ವ ಬಾಟಲಿಯ ಒದ್ದೆ ಬಟ್ಟೆಯನ್ನು ಮತ್ತೆ ಬಿಗಿದು ಸುತ್ತಿದಳು.

ಕೊನೆಗೊಬ್ಬ ಲಾರಿ ಡ್ರೈವರ್ ನಿಲ್ಲಿಸಿದ. ಅರ್ಧ ತೆಲುಗು, ಅರ್ಧ ಕನ್ನಡ. "ಪಸುಪು ಉಂದಾ ಸಾರ್? ಅರಿಶಿನ, ಅರಿಶಿನ. ನೀರಿಗೆ ಹಾಕ್ರಿ, ತೂತು ಮುಚ್ಕಂತೈತೆ" ಅಂದು ಕ್ಯಾನಿನಲ್ಲಿ ನೀರನ್ನೂ ತಂದ. ನಾನು ನಕ್ಕೆ. ಅವನು ನಗಲಿಲ್ಲ. ಅವ್ವ ಆಗಲೇ ಪೊಟ್ಟಣ ಬಿಚ್ಚಿದ್ದಳು. "ಅಣ್ಣಗೆ ಅಂತ ತಂದಿದ್ದು. ತಗೋ, ಹೊತ್ತಾಗ್ತೈತೆ."

ಸೋರುವುದು ನಿಂತಿತು. (ಮೆಕ್ಯಾನಿಕ್ ಓದುಗರು ಪತ್ರ ಬರೆದು ಬೈಯಬಹುದು.) ನಾನು ಗೆದ್ದವನಂತೆ ಹಾರ್ನ್ ಹೊಡೆದುಕೊಂಡೇ ಹೊಲ ಮುಟ್ಟಿದೆ.

ಹೊಲ ಖಾಲಿ. ನೆಲದ ತುಂಬ ಕುರಿ ಹಿಕ್ಕೆ, ಮೂರು ಒಲೆಗಲ್ಲು, ಒಂದು ಬೇವಿನ ಮರ. ಹೊಲದ ಹೆಣ್ಣುಮಗಳು ನಮ್ಮನ್ನು ಕಂಡು ಹತ್ತಿರ ಬಂದಳು.

"ಓಬಣ್ಣಾರ ತಂಗೇನ್ರವ್ವ? ಈಗ ಎರಡು ತಾಸಾತು ನೋಡ್ರಿ ಹೊಂಟು. ನೀವು ಬಸ್ಸಿಗೆ ಬರ್ತೀರಿ ಅಂತ ರಸ್ತೆಗೆ ಹೋಗಿ ನಿಂತಿದ್ರು. ಏಳು ಗಂಟೆ ಬಸ್ಸು ಬಂತು, ಯಾರೂ ಇಳೀಲಿಲ್ಲ. ಅದರ ಹಿಂದಿಂದೂ ನೋಡಿದ್ರು. ಆಮೇಲೆ ಈ ಮರಕ್ಕೆ ಒರಗಿ ಕುಂತಿದ್ದು ಕುಂತಿದ್ದು ಎದ್ದೋದ್ರು. ಪಾಪ, ಎಡಗಾಲು ಬೇರೆ ಉಳುಕೈತೆ."

ನನ್ನ ಕೈಗೆ ಅರಿಶಿನ ಇನ್ನೂ ಮೆತ್ತಿಕೊಂಡಿತ್ತು. ಅವ್ವ ಎರಡು ಸಲ ಕೇಳಿದ್ದಳು. ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು. ಒಂದು ಕೂಗು ಹಾಕಿದ್ದರೆ ಮಾವ ನಿಲ್ಲುತ್ತಿದ್ದ.

"ನಡಿಯವ್ವ, ಕಾರಲ್ಲಿ ಹೋಗಿ ಹಿಡಿಯಣ" ಅಂದೆ.

"ಬದುವಿನ ಮ್ಯಾಲೆ ಕಾರು ಹೋಗ್ತೈತೇನಪ್ಪ?" ಅಂದಳು. ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು, ಒಂದು ಕ್ಷಣ ಆಸೆಯಿಂದ. ನಾನು ಇಲ್ಲವೆಂದು ತಲೆಯಾಡಿಸಿದೆ.

ಅವ್ವ ಬೇವಿನ ಮರದ ಹತ್ತಿರ ಹೋದಳು. ತೊಗಟೆಗೆ ಕಂಬಳಿಯ ಎಳೆಗಳು ಸಿಕ್ಕಿಕೊಂಡಿದ್ದವು. ಕೂತ ಮನುಷ್ಯನ ಬೆನ್ನು ತಾಗುವ ಎತ್ತರದಲ್ಲಿ. ಅವಳು ಮೊಣಕಾಲೂರಿ, ಬಾಟಲಿಯ ಹಾಲನ್ನು ಅಂಗೈಗೆ ಹಾಕಿಕೊಂಡು ಆ ಜಾಗಕ್ಕೆ ಹಚ್ಚಿದಳು. ನಿಧಾನವಾಗಿ, ಮೇಲಿಂದ ಕೆಳಗೆ, ಹಾಲು ಮುಗಿಯುವತನಕ. ಎಳೆಗಳನ್ನು ಬಿಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತಂಬಿಟ್ಟನ್ನು ಆ ಹೆಣ್ಣುಮಗಳ ಮಡಿಲಿಗೆ ಹಾಕಿದಳು. ನನಗೆ ಅಳು ತಡೆಯಲಾಗಲಿಲ್ಲ, ಕಾರಿನ ಮರೆಗೆ ಹೋಗಿ ಅತ್ತೆ.

ಗಾಡಿ ಬಂದ ಮೇಲೆ ದೂರ ಕಡಿಮೆಯಾಯಿತು ಅನ್ನುತ್ತೇವೆ. ಯಾರಿಗೆ ಕಡಿಮೆಯಾಯಿತೋ. ಅವ್ವನಿಗೂ ಅವಳ ಅಣ್ಣನಿಗೂ ನಡುವೆ ಆ ದಿನ ಇದ್ದದ್ದು ಎರಡು ಹೊಲ, ಮತ್ತು ಎತ್ತಿ ನಿಲ್ಲಿಸಿದ ನನ್ನ ಬಾನೆಟ್ಟು.

ಸಂಜೆ ಪಕ್ಕದ ಮನೆಯವರು "ಕಾರು ಕೈ ಕೊಡ್ತಂತೆ?" ಅಂತ ವಿಚಾರಿಸಿದರು. "ಕಾರಿಗೇನಾಗೈತೆ? ಕಾರು ಚೆನ್ನಾಗೇ ಐತೆ" ಅಂದು ಅವ್ವ ಒಳಗೆ ಹೋದಳು.

ಮುಂದಿನ ಪಂಚಮಿಗೂ ಏಳು ಗಂಟೆ ಬಸ್ಸೇನೋ ಇರುತ್ತದೆ. ಅದಕ್ಕೆ ಕಾದು ರಸ್ತೆಯಲ್ಲಿ ನಿಲ್ಲಲು ಮಾವ ಇರುತ್ತಾನೆಯೇ?