ಮದ್ದೂರಿನಿಂದ ತಂದ ಐಸಿ

ಮಳವಳ್ಳಿಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ಒಂದು ಬೇಸಿಗೆ ರಜೆಯಲ್ಲಿ ಫೋನಿನಲ್ಲಿ ವಿಡಿಯೊ ನೋಡಿದೆ. ಹದಿನಾಲ್ಕು ಕಾಲಿನ ಒಂದು ಐಸಿ ಚಿಪ್, ತಿರುಗಿಸುವ ಗುಂಡಿಯಿರುವ ಒಂದು ರೆಸಿಸ್ಟರು, ಒಂದು ಕೆಪಾಸಿಟರು, ಹಳೆಯ ಕಂಪ್ಯೂಟರ್ ಸ್ಪೀಕರು. ಅಷ್ಟರಿಂದಲೇ ಯಾರೋ ಹುಡುಗಿ ಸ್ವರ ಹೊರಡಿಸುತ್ತಿದ್ದಳು. ಹೌದು, ಅಲ್ಲ ಎಂಬೆರಡೇ ಗೊತ್ತಿರುವ ಪುಟ್ಟ ಗೇಟುಗಳ ಐಸಿಯಿಂದ ಸ್ವರ ಬರುತ್ತದೆ ಎನ್ನುವುದು ನನ್ನ ತಲೆ ಹೊಕ್ಕಿತು. ಒಂಬತ್ತನೇ ತರಗತಿಯ ಶಬ್ದದ ಪಾಠಕ್ಕೆ ಎಂದು ಮನೆಯಲ್ಲಿ ಹೇಳಿದೆ. ನಿಜವಾಗಿ ಬೇಕಾಗಿದ್ದು ನನಗೇ.

ಐಸಿ ಸಿಕ್ಕಿದ್ದು ಮದ್ದೂರಿನಲ್ಲಿ, ಟಿವಿ, ಮಿಕ್ಸಿ ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಅಂಗಡಿಯಲ್ಲಿ. ನಂಬರು ಹೇಳಿದೊಡನೆ ಅವರು ಕನ್ನಡಕದ ಮೇಲಿಂದ ನೋಡಿದರು.

"ಯಾತುಕ್ಕೆ ಮೇಡಂ ಇದು?"

"ಒಂದು ಕೆಲಸ ಇದೆ."

"ಯಾವ ಕೆಲ್ಸ?"

ಈ ವಯಸ್ಸಿನಲ್ಲಿ ಪೀಂ ಪೀಂ ಎನ್ನುವ ಪೆಟ್ಟಿಗೆ ಮಾಡುತ್ತೇನೆ ಎನ್ನಲು ನಾಚಿಕೆಯಾಗಿ ಪರ್ಸು ತೆಗೆದೆ. ಡಬ್ಬದಿಂದ ಒಂದನ್ನು ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟರು. ಬಿಲ್ ಕೇಳಿದರೆ ಇಲ್ಲ ಎಂದರು. ನನ್ನ ಅನುಮಾನ ಶುರುವಾದದ್ದು ಅಲ್ಲಿ.

ಮನೆಯಲ್ಲಿ ಎಲ್ಲವನ್ನೂ ಒಂದು ಬೋರ್ಡಿಗೆ ಬೆಸುಗೆ ಹಾಕಿ ಬ್ಯಾಟರಿ ಸಿಕ್ಕಿಸಿದೆ. ಸ್ವರ ಒಂದೆಡೆ ನಿಲ್ಲಲೇ ಇಲ್ಲ. ಕೈ ಹತ್ತಿರ ತಂದರೆ ಕಿರುಚುವುದು, ಫ್ಯಾನ್ ಹಾಕಿದರೆ ಗೊರಗೊರ ಎನ್ನುವುದು. ಗದ್ದೆಯಿಂದ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತು ಕೇಳಿ ತೀರ್ಪು ಕೊಟ್ಟರು.

"ಡೂಪ್ಲಿಕೇಟ್ ಕಣೆ ಅದು. ನಿನ್ನ ಯಾಮಾರ್ಸವ್ನೆ."

ನಕಲಿ ಐಸಿಯ ಮೇಲಿನ ನಂಬರು ಉಗುರುಬಣ್ಣ ಒರೆಸುವ ದ್ರವಕ್ಕೆ ಅಳಿಸಿಹೋಗುತ್ತದೆ ಎಂದು ಎಲ್ಲೋ ಓದಿದ್ದೆ. ಹತ್ತಿಯಲ್ಲಿ ಉಜ್ಜಿದೆ. ನಂಬರು ಹತ್ತಿಗೆ ಬಂತು.

ಶುಕ್ರವಾರ ಮಧ್ಯಾಹ್ನ ಬೋರ್ಡು, ಸ್ಪೀಕರು ಎಲ್ಲ ಹಿಡಿದು ಮದ್ದೂರಿನಲ್ಲಿ ಇಳಿದರೆ ಅಂಗಡಿಯ ಶಟರು ಅರ್ಧಕ್ಕೆ ಇಳಿದಿತ್ತು. ನಾನು ಬಸ್ಸಿಳಿದದ್ದನ್ನು ಕಂಡೇ ತಪ್ಪಿಸಿಕೊಂಡರು ಎಂದುಕೊಂಡೆ. ಬಿಡಬಾರದೆಂದು ನೆರಳಿನಲ್ಲಿ ಕಾದೆ. ಅರ್ಧ ಗಂಟೆಗೆ ಬಂದರು.

"ನಮಾಜಿಗೆ ಓಗಿದ್ದೆ ಮೇಡಂ. ಕಾಯ್ಕಂಡಿದ್ರಾ?"

"ನೀವು ಕೊಟ್ಟ ಐಸಿ ಡೂಪ್ಲಿಕೇಟು," ಎಂದು ಹತ್ತಿ ತೋರಿಸಿದೆ. ಅವರು ಅದನ್ನು ನೋಡದೆ ಬೋರ್ಡನ್ನು ಬೆಳಕಿಗೆ ಹಿಡಿದರು.

"ಒಳಗೆ ಆರು ಗೇಟವೆ. ಒಂದ್ನೇ ಬಳ್ಸಿದೀರ. ಮಿಕ್ಕ ಐದರ ಇನ್‌ಪುಟ್ ಕಾಲ್ನ ಯಾಕೆ ಅಂಗೇ ಬುಟ್ಟಿದೀರ?"

"ಅವು ಬೇಕಿರಲಿಲ್ಲ."

"ನಿಮ್ಗೆ ಬ್ಯಾಡ. ಅದ್ಕೆ ಗೊತ್ತಾಗ್ಬೇಕಲ್ಲ? ಸುತ್ತ ಇರೋ ಕರೆಂಟ್ನೆಲ್ಲ ಎಳ್ಕತದೆ."

ಐದೂ ಕಾಲುಗಳನ್ನು ಬ್ಯಾಟರಿಯ ನೆಗೆಟಿವ್‌ಗೆ ಬೆಸೆದರು. ಸ್ವರ ಅಲುಗದೆ ನಿಂತಿತು. ನನ್ನ ಕಿವಿ ಬಿಸಿಯಾಯಿತು. ಆದರೂ ಬಿಡದೆ ಕೇಳಿದೆ: "ಮತ್ತೆ ನಂಬರು ಅಳಿಸಿಹೋಯಿತಲ್ಲ?"

"ಬೆಂಗ್ಳೂರಿಂದ ತತ್ತೀನಿ. ಅದ್ರ ಮೇಲೆ ಯಾರು ಏನು ಬರ್ದವ್ರೋ ನಂಗೊತ್ತಿಲ್ಲ." ಬೋರ್ಡು ಕೆಳಗಿಟ್ಟು ದನಿ ತಗ್ಗಿಸಿದರು. "ಈಗ ನೀವು ನಿಜ ಏಳಿ. ಕರೆಂಟ್ ಆಫೀಸ್ನೋರಾ?"

ನನಗೆ ಅರ್ಥವಾಗಲಿಲ್ಲ. ಮನೆಯ ಕರೆಂಟ್ ಮೀಟರು ನಿಧಾನ ಓಡುವಂತೆ ಮಾಡಲು ಸಾಮಾನು ಕೇಳುವವರು ಬರುತ್ತಾರಂತೆ. ಯಾತಕ್ಕೆಂದು ಬಾಯಿಬಿಡದವರು ಒಂದೋ ಅವರು, ಇಲ್ಲ ಅವರನ್ನು ಹಿಡಿಯುವವರು. ಅದಕ್ಕೇ ತಮ್ಮ ಹೆಸರಿರುವ ಬಿಲ್ಲನ್ನು ನನಗೆ ಕೊಟ್ಟಿರಲಿಲ್ಲ.

"ನಾನು ಟೀಚರು. ಇದು ಬರೀ ಸ್ವರ ಹೊರಡಿಸೋದಕ್ಕೆ," ಎಂದೆ.

"ಬರೀ ಸ್ವರಕ್ಕಾ?" ಗುಂಡಿ ತಿರುಗಿಸಿ, ಸ್ವರ ಗುಂಯ್ ಎನ್ನುವುದರಿಂದ ಸಿಳ್ಳೆಯವರೆಗೆ ಏರುವುದನ್ನು ಎರಡು ಸಲ ಕೇಳಿದರು. ಪೂರ್ತಿ ನಂಬಿದಂತೆ ಕಾಣಲಿಲ್ಲ.

"ತಪ್ಪು ತಿಳ್ಕೊಂಡೆ," ಎಂದೆ.

"ಬುಡಿ ಮೇಡಂ. ನಾನೂ ಅಂಗೇ ತಿಳ್ಕಂಡಿದ್ದೆ."

ಮಿಕ್ಕ ಐದು ಗೇಟುಗಳಿಗೂ ಆಮೇಲೆ ರೆಸಿಸ್ಟರು, ಕೆಪಾಸಿಟರು ಸೇರಿಸಿದೆ; ಈಗ ಆರರಿಂದಲೂ ಸ್ವರ ಬರುತ್ತದೆ. ಬೇಕಾದ ಸಾಮಾನನ್ನು ಅವರಲ್ಲೇ ಕೊಳ್ಳುತ್ತೇನೆ. ಪ್ರತಿ ಐಸಿಯನ್ನೂ ನನ್ನ ಕಣ್ಣೆದುರು ಪರೀಕ್ಷೆ ಮಾಡಿಯೇ ಕೊಡುತ್ತಾರೆ. ಮನೆಗೆ ತಂದು ನಾನು ಇನ್ನೊಮ್ಮೆ ನೋಡುವುದನ್ನು ಮಾತ್ರ ಅವರಿಗೆ ಹೇಳಿಲ್ಲ.